ಕಾರ್ಡ್ ಕೊಳ್ಳುವ ಮುನ್ನ ಡಬ್ಬಿ ಬಿಚ್ಚಿ ನೋಡಿ

"ಅಣ್ಣಾ, ಆರು ಸಾವಿರದೊಳಗೆ ಯಾವ ಗ್ರಾಫಿಕ್ಸ್ ಕಾರ್ಡ್ ಬೆಸ್ಟ್?" ನಾನು ಕೆಲಸ ಮಾಡುವ ಅಂಗಡಿಗೆ ಬರುವ ಹುಡುಗರು ಬಾಗಿಲಲ್ಲೇ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದೂ ಒಂದೇ: "ಸಿಪಿಯು ತಂದಿದ್ದೀಯೇನೋ?" ತಂದಿರುವುದಿಲ್ಲ. ಕಾರ್ಡುಗಳ ಹೆಸರು, ನಂಬರು ಎಲ್ಲ ಬಾಯಿಪಾಠ. ಅದನ್ನು ಕೂರಿಸಬೇಕಾದ ಪೆಟ್ಟಿಗೆಯೊಳಗೆ ಏನಿದೆ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ.

ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಬೆಳಿಗ್ಗೆ ಲೈಬ್ರರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತೇನೆ, ಸಂಜೆ ದಾವಣಗೆರೆಯ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯುತ್ತೇನೆ. ನಮ್ಮಲ್ಲಿಗೆ ಬರುವ ಕಂಪ್ಯೂಟರುಗಳಲ್ಲಿ ಹೆಚ್ಚಿನವು ದೊಡ್ಡ ಊರಿನ ಕಂಪನಿಗಳು ಬಳಸಿ ಬಿಟ್ಟವು: ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್. ಒಳಗೆ ನಾಲ್ಕನೆಯದೋ ಆರನೆಯದೋ ಪೀಳಿಗೆಯ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್. ಗಟ್ಟಿ ಯಂತ್ರಗಳು. ಆಫೀಸಿನಲ್ಲಿ ಎಕ್ಸೆಲ್ ಶೀಟು ತೆರೆದೇ ಆಯುಷ್ಯ ಕಳೆದಿರುತ್ತವೆ, ಪ್ರೊಸೆಸರಿನ ಸವಕಳಿ ಏನೂ ಇರುವುದಿಲ್ಲ. ಇವುಗಳಲ್ಲಿ ಗೇಮ್ ಆಡಬೇಕೆಂಬ ಆಸೆ ತಪ್ಪಲ್ಲ, ಅಸಾಧ್ಯವೂ ಅಲ್ಲ. ಆದರೆ ಹಳೆಯ ಕಂಪ್ಯೂಟರಿಗೆ ಯಾವ ಕಾರ್ಡ್ ಹಾಕಬೇಕೆಂದು ತೀರ್ಮಾನಿಸುವುದು ನಮ್ಮ ಆಸೆಯೂ ಅಲ್ಲ, ಅಂಗಡಿಯವನ ಮಾತೂ ಅಲ್ಲ, ಆ ಡಬ್ಬಿಯೇ. ಇದನ್ನು ಮೊದಲು ಒಪ್ಪಿಕೊಂಡರೆ ದುಡ್ಡು ಉಳಿಯುತ್ತದೆ.

ದುಡ್ಡಿನ ಮಾತು ಬಂತಲ್ಲ. ಕಳೆದ ಬೇಸಿಗೆಯಲ್ಲಿ ಬಂದಿದ್ದ ಒಬ್ಬ ಡಿಪ್ಲೊಮಾ ಹುಡುಗನ ಕೈಯಲ್ಲಿ 6 ಸಾವಿರ ಇತ್ತು. ಮದುವೆ ಸೀಸನ್ನಿನಲ್ಲಿ ಕೇಟರಿಂಗ್‌ನವರ ಜೊತೆ ಬಡಿಸಲು ಹೋಗಿ ಕೂಡಿಸಿದ್ದು, ದಿನಕ್ಕೆ 500. ಅಂದರೆ ಅದು ಹನ್ನೆರಡು ಮದುವೆಯ ದುಡ್ಡು. ಆತ ಬೇರೆ ಊರಿನ ಒಂದು ಅಂಗಡಿಯಿಂದ ಬಾಕ್ಸಿನ ಮೇಲೆ '4 ಜಿಬಿ' ಎಂದು ದಪ್ಪಕ್ಷರದಲ್ಲಿದ್ದ ಜಿಟಿ 730 ಕಾರ್ಡ್ ತಂದುಬಿಟ್ಟಿದ್ದ. ಜಿಟಿಎ 5 ಆಡಿದರೆ ಸ್ಲೋ ಮೋಷನ್ ಸಿನಿಮಾದ ಹಾಗೆ ಓಡುತ್ತಿತ್ತು. ವಾಪಸ್ ಕೊಡಲು ಹೋದರೆ "ಕಾರ್ಡ್ ಕೆಲಸ ಮಾಡ್ತಾ ಇದೆಯಲ್ಲ" ಎಂದರಂತೆ. ಹೌದು, ಕೆಲಸ ಮಾಡುತ್ತಿತ್ತು. ಅದೇ ತೊಂದರೆ.

ಆ '4 ಜಿಬಿ'ಯ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊಬೈಲ್ ಕೊಳ್ಳುವಾಗ ಜಿಬಿ ನೋಡಿ ಅಭ್ಯಾಸವಾದ ನಾವು ಕಾರ್ಡಿನಲ್ಲೂ ಅದನ್ನೇ ನೋಡುತ್ತೇವೆ. ಮೆಮೊರಿ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಜಾತಿಯದು ಎಂಬುದು ಇಲ್ಲಿ ಮುಖ್ಯ. ಜಿಟಿ 1030 ಎಂಬ ಕಾರ್ಡನ್ನೇ ನೋಡಿ. 2017ರಲ್ಲಿ ಬಂದಾಗ ಅದರಲ್ಲಿ ಜಿಡಿಡಿಆರ್5 ಮೆಮೊರಿ ಇತ್ತು, ಸೆಕೆಂಡಿಗೆ 48 ಜಿಬಿ ಡೇಟಾ ಓಡಾಡುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಸಾದಾ ಡಿಡಿಆರ್4 ಮೆಮೊರಿಯ ಇನ್ನೊಂದು ಬಂತು. ಅದರ ವೇಗ 17 ಜಿಬಿಯ ಆಸುಪಾಸು. ಹೆಸರು ಒಂದೇ, 2 ಜಿಬಿ ಎಂಬುದೂ ಒಂದೇ, ಓಟ ಮಾತ್ರ ಮೂರನೇ ಒಂದು ಭಾಗ. ಜಿಟಿ 730ರದು ಇನ್ನೂ ಗೋಜಲು: ಒಂದರಲ್ಲಿ 96 ಕೋರ್, ಇನ್ನೊಂದರಲ್ಲಿ 384. ಇದನ್ನು ಮೋಸ ಎಂದು ಕಾನೂನು ಕರೆಯುವುದಿಲ್ಲವೇನೋ, ಬಾಕ್ಸಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಎಲ್ಲವೂ ಬರೆದಿರುತ್ತದೆ. ಹನ್ನೆರಡು ಮದುವೆ ಬಡಿಸಿ ಬಂದವನಿಗೆ ನಾನಂತೂ ಅದನ್ನು ಮೋಸವೆಂದೇ ಹೇಳುತ್ತೇನೆ.

ಈಗ ಡಬ್ಬಿ ಬಿಚ್ಚೋಣ. ಮೊದಲು ನೋಡಬೇಕಾದ್ದು ಕರೆಂಟು. ಮದರ್‌ಬೋರ್ಡಿನ ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಒಂದು ಕಾರ್ಡಿಗೆ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರು ಎಳೆಯಬೇಕು: 6 ಪಿನ್ನಿನದಾದರೆ ಇನ್ನೊಂದು 75, 8 ಪಿನ್ನಿನದಾದರೆ 150 ವ್ಯಾಟ್. ಆಫೀಸಿನ ಡಬ್ಬಿಗಳಲ್ಲಿ ಬಹುಪಾಲು ಈ ವೈರೇ ಇರುವುದಿಲ್ಲ, ಏಕೆಂದರೆ ಗುಮಾಸ್ತರ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆಂದು ಯಾರೂ ಅಂದುಕೊಂಡಿರಲಿಲ್ಲ. "ಎಸ್‌ಎಂಪಿಎಸ್ ಬದಲಾಯಿಸಿದರಾಯಿತು" ಎನ್ನಬಹುದು. ಆದರೆ ಆಪ್ಟಿಪ್ಲೆಕ್ಸ್ 9020ಯಂಥ ಮಾದರಿಗಳಲ್ಲಿ ಮದರ್‌ಬೋರ್ಡಿಗೆ ಹೋಗುವ ಪ್ಲಗ್ಗೇ ಬೇರೆ. ಮಾರುಕಟ್ಟೆಯ 24 ಪಿನ್ನಿನ ಎಸ್‌ಎಂಪಿಎಸ್ ಅದಕ್ಕೆ ಕೂರುವುದಿಲ್ಲ, ಕನ್ವರ್ಟರ್ ವೈರು ಹುಡುಕಬೇಕು.

ಇಲ್ಲಿ ಒಂದು ಎಚ್ಚರಿಕೆ. ಹಾರ್ಡ್‌ಡಿಸ್ಕಿಗೆ ಹೋಗುವ ಸಾಟಾ ವೈರನ್ನು 8 ಪಿನ್ನಿಗೆ ಬದಲಾಯಿಸುವ ಅಗ್ಗದ ಅಡಾಪ್ಟರುಗಳು ಎಲ್ಲ ಕಡೆ ಸಿಗುತ್ತವೆ. ಆ ಸಾಟಾ ಪ್ಲಗ್ಗು 12 ವೋಲ್ಟಿನಲ್ಲಿ ತಾಳಿಕೊಳ್ಳುವುದು 54 ವ್ಯಾಟ್ ಮಾತ್ರ. ಅದರಿಂದ 150 ವ್ಯಾಟ್ ಎಳೆದರೆ ಪ್ಲಗ್ಗು ಕರಗುತ್ತದೆ. ಕರಗಿದ ಪ್ಲಗ್ಗುಗಳು ನಮ್ಮ ಡ್ರಾಯರಿನಲ್ಲಿವೆ, ಬಂದವರಿಗೆ ತೋರಿಸಲೆಂದೇ ಇಟ್ಟುಕೊಂಡಿದ್ದೇವೆ. ಬಿಡಿಯಾಗಿ ಜೋಡಿಸಿದ ಕಂಪ್ಯೂಟರಿನವರೂ ಬೀಗಬೇಕಿಲ್ಲ. ಅಗ್ಗದ ಎಸ್‌ಎಂಪಿಎಸ್ ಮೇಲಿನ '450 ವ್ಯಾಟ್' ಸ್ಟಿಕ್ಕರನ್ನು ನಂಬಬೇಡಿ. ಅದೇ ಸ್ಟಿಕ್ಕರಿನಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ನೋಡಿ, 12ರಿಂದ ಗುಣಿಸಿ. ಕಾರ್ಡಿಗೂ ಪ್ರೊಸೆಸರಿಗೂ ನಿಜವಾಗಿ ಸಿಗುವುದು ಹೆಚ್ಚೆಂದರೆ ಅಷ್ಟು. ನಾನು ಕಾಮರ್ಸ್ ಓದಿದವನು, ಇಷ್ಟು ಲೆಕ್ಕ ನನಗೂ ಬಂತು.

ಆಮೇಲೆ ಅಳತೆ. ನಿಮ್ಮದು ಅಗಲ ಕಡಿಮೆಯ ಸಣ್ಣ ಡಬ್ಬಿಯಾಗಿದ್ದರೆ ಅರ್ಧ ಎತ್ತರದ, ಅಂದರೆ ಲೋ ಪ್ರೊಫೈಲ್ ಕಾರ್ಡ್ ಬಿಟ್ಟು ಬೇರೆ ಹಿಡಿಸುವುದಿಲ್ಲ. ಪಟ್ಟಿ ಹಿಡಿದು ಉದ್ದ, ಎತ್ತರ ಅಳೆದುಕೊಳ್ಳಿ, ಮೊಬೈಲಿನಲ್ಲಿ ಒಳಗಿನ ಫೋಟೊ ತೆಗೆದಿಟ್ಟುಕೊಳ್ಳಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವಾಗ ಆ ಫೋಟೊ ಜೇಬಿನಲ್ಲಿದ್ದರೆ ಬಸ್ ಚಾರ್ಜು ದಂಡವಾಗುವುದಿಲ್ಲ.

ಇಷ್ಟಾದ ಮೇಲೆ ಉಳಿಯುವ ಕಾರ್ಡುಗಳು ಬೆರಳೆಣಿಕೆಯವು. ಹೆಚ್ಚುವರಿ ವೈರು ಕೇಳದೆ ಸ್ಲಾಟಿನ 75 ವ್ಯಾಟಿನಲ್ಲೇ ಬದುಕುವ ಕಾರ್ಡುಗಳಲ್ಲಿ 2016ರ ಜಿಟಿಎಕ್ಸ್ 1050 ಟಿಐ, 2019ರ ಜಿಟಿಎಕ್ಸ್ 1650, 2024ರ ಆರ್‌ಟಿಎಕ್ಸ್ 3050 (6 ಜಿಬಿಯದು, 70 ವ್ಯಾಟ್) ಹೆಸರಿಸಬಹುದು. 3050 ಹೊಸದು, ಬೆಲೆಯೂ ಹಾಗೆಯೇ, ಅದರ 8 ಜಿಬಿ ಅಣ್ಣನಿಗೆ 130 ವ್ಯಾಟ್ ಬೇಕೆಂಬುದು ನೆನಪಿರಲಿ. ಎಎಂಡಿಯ ಆರ್‌ಎಕ್ಸ್ 6400 ಕೂಡ 53 ವ್ಯಾಟಿನ ಸಣ್ಣ ಕಾರ್ಡು. ಆದರೆ ಅದು ನಾಲ್ಕೇ ಲೇನುಗಳಲ್ಲಿ ಮಾತಾಡುತ್ತದೆ. ಹೊಸ ಬೋರ್ಡಿನಲ್ಲಿ ಅದು ಸಾಲುತ್ತದೆ, ಪಿಸಿಐಇ 3.0 ಇರುವ ನಮ್ಮ ಹಳೆಯ ಬೋರ್ಡುಗಳಲ್ಲಿ ಹಾದಿ ಅರ್ಧಕ್ಕೆ ಇಳಿದು ಓಟ ಕುಂಟುತ್ತದೆ. ಆಡಿದ್ದನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಆಸೆಯಿದ್ದರಂತೂ ಬೇಡ, ಅದರಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ.

ಬಳಸಿದ ಕಾರ್ಡುಗಳಲ್ಲಿ ನನ್ನ ಮತ 1650ಕ್ಕೆ. ಕಾರಣ ವೇಗವೊಂದೇ ಅಲ್ಲ. 1050 ಟಿಐ ಸೇರಿದ ಪ್ಯಾಸ್ಕಲ್ ಪೀಳಿಗೆಗೆ ಹೊಸ ಗೇಮುಗಳಿಗಾಗಿ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸುವುದಾಗಿ ಹೇಳಿತು. ಭದ್ರತೆಯ ಅಪ್‌ಡೇಟ್ ಮಾತ್ರ 2028ರ ಅಕ್ಟೋಬರಿನವರೆಗೆ. 1650 ಅದರ ಮುಂದಿನ ಪೀಳಿಗೆಯದು, ಆ ಪಟ್ಟಿಯಲ್ಲಿಲ್ಲ. ಅದರಲ್ಲೂ ಕೆಲವು ಕಂಪನಿಗಳ ಮಾದರಿಗೆ 6 ಪಿನ್ನಿನ ವೈರು ಬೇಕಾಗುತ್ತದೆ, ಕಾರ್ಡಿನ ಅಂಚನ್ನು ಕಣ್ಣಾರೆ ನೋಡಿಯೇ ತೆಗೆದುಕೊಳ್ಳಿ.

"ಇದೇ ದುಡ್ಡಿಗೆ 8 ಜಿಬಿ ಆರ್‌ಎಕ್ಸ್ 580 ಸಿಗುತ್ತಲ್ಲಾ ಅಣ್ಣಾ" ಎನ್ನುವವರಿದ್ದಾರೆ. ಸಿಗುತ್ತದೆ. ಯಾಕೆ ಸಿಗುತ್ತದೆ ಎಂದು ಕೇಳಿಕೊಳ್ಳಬೇಕು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ಪದ್ಧತಿ ಬದಲಾಯಿಸಿ ಗ್ರಾಫಿಕ್ಸ್ ಕಾರ್ಡಿನ ಮೈನಿಂಗನ್ನು ಕೊನೆಗಾಣಿಸಿತು. ಹಗಲೂ ರಾತ್ರಿ ದುಡಿದ ರಾಶಿ ರಾಶಿ ಕಾರ್ಡುಗಳು ತೊಳೆದು, ಒರೆಸಿಕೊಂಡು ಸೆಕೆಂಡ್‌ಹ್ಯಾಂಡ್ ಸಂತೆಗೆ ಬಂದವು. ಮೈನಿಂಗ್ ಮಾಡಿದ ಕಾರ್ಡೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ, ಚೆನ್ನಾಗಿ ಓಡುತ್ತಿರುವುದನ್ನೂ ಕಂಡಿದ್ದೇನೆ. ಆದರೆ ಫ್ಯಾನು ಸವೆದಿರುತ್ತದೆ, ಥರ್ಮಲ್ ಪೇಸ್ಟು ಒಣಗಿರುತ್ತದೆ. ಮೇಲಾಗಿ 580ಕ್ಕೆ 185 ವ್ಯಾಟ್ ಬೇಕು, ನಮ್ಮ ಆಫೀಸ್ ಡಬ್ಬಿಗೆ ಅದು ಹೊರಲಾರದ ಹೊರೆ. '2048 ಎಸ್‌ಪಿ' ಎಂಬ ಬಾಲವಿರುವ 580 ಸಿಕ್ಕರೆ ಅದು ಹೆಸರಿಗಷ್ಟೇ 580. ನಿಜವಾದದ್ದರಲ್ಲಿ 2304 ಪ್ರೊಸೆಸರುಗಳಿರುತ್ತವೆ, ಇದು ಒಳಗೆ 570 ಇದ್ದಂತೆ.

ಅಪ್ಪಟ ನಕಲಿಗಳೂ ಇವೆ. ಹತ್ತು ಹದಿನೈದು ವರ್ಷದ ಜಿಟಿಎಕ್ಸ್ 550 ಟಿಐ ಕಾರ್ಡಿನ ಬಯಾಸ್ ತಿದ್ದಿ 1050 ಟಿಐ ಎಂದು ತೋರಿಸುವಂತೆ ಮಾಡುತ್ತಾರೆ. ವಿಂಡೋಸ್ ಅದನ್ನೇ ನಂಬುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂಥ ನಕಲಿಗಳನ್ನು ಗುರುತಿಸಿ ಹೆಸರಿನ ಮುಂದೆಯೇ 'ಫೇಕ್' ಎಂದು ತೋರಿಸುತ್ತದೆ. ಪೆನ್‌ಡ್ರೈವಿನಲ್ಲಿ ಅದನ್ನು ಒಯ್ಯಿರಿ. ಮೆಮೊರಿ ಡಿಡಿಆರ್ ಯಾವುದು, ಕೋರ್ ಎಷ್ಟು ಎಂಬುದೂ ಅದರಲ್ಲೇ ಕಾಣುತ್ತದೆ. ಫರ್‌ಮಾರ್ಕ್ ಹಾಕಿ 20 ನಿಮಿಷ ಓಡಿಸಿ, ಪರದೆಯಲ್ಲಿ ಬಣ್ಣದ ಚುಕ್ಕಿ, ಗೆರೆ ಮೂಡಿದರೆ ಎದ್ದು ಬನ್ನಿ. "ಟೆಸ್ಟ್ ಮಾಡೋಕೆ ಬಿಡಲ್ಲ" ಎಂದರೂ ಎದ್ದು ಬನ್ನಿ.

ಇನ್ನು ಯಾವ ಗೇಮ್ ಎಂಬ ಪ್ರಶ್ನೆ. ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ, ವಿಚಿತ್ರ. 2015ರ ಮೂಲ ಜಿಟಿಎ 5ಕ್ಕೆ ಅದನ್ನು ಮಾಡಿದವರೇ ಶಿಫಾರಸು ಮಾಡಿದ್ದು ಮೂರನೇ ಪೀಳಿಗೆಯ ಐ5, 2 ಜಿಬಿಯ ಜಿಟಿಎಕ್ಸ್ 660. ನಾಲ್ಕನೇ ಪೀಳಿಗೆಯ ಡಬ್ಬಿಗೆ 1650 ಹಾಕಿದರೆ ಅದನ್ನು ಆರಾಮಾಗಿ ದಾಟುತ್ತೀರಿ. ವ್ಯಾಲೊರೆಂಟ್‌ಗಂತೂ ದೊಡ್ಡ ಕಾರ್ಡೇ ಬೇಡ. ಆದರೆ ವಿಂಡೋಸ್ 11ರಲ್ಲಿ ಅದಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಬೇಕು. ಎಂಟನೇ ಪೀಳಿಗೆಗಿಂತ ಹಿಂದಿನ ಇಂಟೆಲ್ ಪ್ರೊಸೆಸರಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವೇ ಇಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆನ್‌ಲೈನ್ ಗೇಮ್ ಆಡುವವರು ಕಾರ್ಡಿಗಿಂತ ಮೊದಲು ಇದನ್ನು ಯೋಚಿಸಬೇಕು. 2024ರ ಇಂಡಿಯಾನಾ ಜೋನ್ಸ್ ಗೇಮಿನಂಥವು ರೇ ಟ್ರೇಸಿಂಗ್ ಇಲ್ಲದ ಕಾರ್ಡಿಗೆ ಸೊಪ್ಪೇ ಹಾಕುವುದಿಲ್ಲ. ಅಂಥ ಗೇಮಿನ ಆಸೆಯಿದ್ದವರಿಗೆ ನಾನು ಕೊಡುವ ಸಲಹೆ, ಹಳೆಯ ಡಬ್ಬಿಯ ಮೇಲೆ ಒಂದು ರೂಪಾಯಿಯೂ ಹಾಕಬೇಡಿ, ಕಾಯಿರಿ.

ಕಾರ್ಡೇ ಬೇಡವೆಂದು ಕಳಿಸಿದ ಪ್ರಸಂಗಗಳೂ ಇವೆ. ಒಂದೇ ಪಟ್ಟಿಯಲ್ಲಿ 4 ಜಿಬಿ ರ‍್ಯಾಮ್, ತಿರುಗುವ ಹಳೇ ಹಾರ್ಡ್‌ಡಿಸ್ಕ್ ಇಟ್ಟುಕೊಂಡು ಗೇಮ್ ತಡವರಿಸುತ್ತದೆ ಎಂದು ದೂರುವವರಿಗೆ ಬೇಕಾದ್ದು ಇನ್ನೊಂದು ರ‍್ಯಾಮ್ ಪಟ್ಟಿ, ಒಂದು ಎಸ್‌ಎಸ್‌ಡಿ. ರ‍್ಯಾಮ್ ಜೋಡಿಯಾಗಿ ಕೂತರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಕೂಡ ಚುರುಕಾಗುತ್ತದೆ. ನಮ್ಮ ಮಾಲೀಕರಿಗೆ ಒಂದು ವ್ಯಾಪಾರ ಕಡಿಮೆಯಾದರೂ ಅವರು ಏನೂ ಅನ್ನುವುದಿಲ್ಲ. ಅಂಥ ಹುಡುಗ ಮತ್ತೆ ನಮ್ಮಲ್ಲಿಗೇ ಬರುತ್ತಾನೆಂದು ಅವರಿಗೆ ಗೊತ್ತು.

"ಕೆಲಸ ಇಲ್ಲದವನಿಗೆ ಗೇಮ್ ಯಾಕೆ ಬೇಕು?" ಇದು ಮನೆಮನೆಯ ಮಾತು, ನಮ್ಮ ಮನೆಯದೂ ಹೌದು. ಇದಕ್ಕೆ ಹೆದರಿ ಎಷ್ಟೋ ಹುಡುಗರು 'ಎಡಿಟಿಂಗ್ ಕೋರ್ಸಿಗೆ ಬೇಕು' ಎಂದು ಸುಳ್ಳು ಹೇಳಿ ದುಡ್ಡು ಕೇಳುತ್ತಾರೆ. ಅದೇ ಕಾರ್ಡಿನಲ್ಲಿ ಬ್ಲೆಂಡರ್ ಓಡುತ್ತದೆ, ವಿಡಿಯೊ ಎಡಿಟಿಂಗ್ ಸಲೀಸಾಗುತ್ತದೆ, ನಿಜವೇ. ಕಲಿತು ಸಂಪಾದಿಸುವವರಿದ್ದರೆ ಸಂತೋಷ. ಆದರೆ ಆಟಕ್ಕಾಗಿ ಬೇಕು ಎಂದು ನೇರವಾಗಿ ಹೇಳುವುದರಲ್ಲಿ ನಾಚಿಕೆ ಏನಿದೆ? ಅರ್ಜಿ ಹಾಕಿ, ಪರೀಕ್ಷೆ ಬರೆದು, ತಿಂಗಳುಗಟ್ಟಲೆ ಫಲಿತಾಂಶಕ್ಕೆ ಕಾಯುವವನಿಗೂ ದಿನಕ್ಕೊಂದು ಗಂಟೆಯ ಹಗುರ ಬೇಕು. ಊರಿನ ಮೈದಾನದಲ್ಲಿ ಕ್ರಿಕೆಟ್ ಆಡಿದರೆ ಯಾರೂ ಲೆಕ್ಕ ಕೇಳುವುದಿಲ್ಲ. ಒಂದು ಮಾತನ್ನಂತೂ ಗಟ್ಟಿಯಾಗಿ ಹೇಳುತ್ತೇನೆ: ಸಂಬಳ ಬರುವ ಮುನ್ನ ಕಂತಿನ ಮೇಲೆ ಕಾರ್ಡ್ ಬೇಡ. ಆಡುವಾಗ ತಿಂಗಳ ಐದನೇ ತಾರೀಕು ನೆನಪಾದರೆ ಅದು ಆಟವಾಗಿ ಉಳಿಯುವುದಿಲ್ಲ.

ನಾನು ಅಂಗಡಿಗಳವರಿಂದ ಕೇಳುವುದು ದೊಡ್ಡದೇನಲ್ಲ. ಬಿಲ್ಲಿನಲ್ಲಿ 'ಗ್ರಾಫಿಕ್ಸ್ ಕಾರ್ಡ್ 4 ಜಿಬಿ, 1' ಎಂದು ಗೀಚಿ ಕೊಡುವುದನ್ನು ಬಿಡಿ. ಪೂರ್ತಿ ಮಾದರಿ ಹೆಸರು, ಮೆಮೊರಿ ಯಾವ ಬಗೆಯದು, ಎಷ್ಟು ವ್ಯಾಟ್, ಹೊಸದೋ ಬಳಸಿದ್ದೋ, ಎಷ್ಟು ದಿನದೊಳಗೆ ವಾಪಸ್, ಇಷ್ಟನ್ನು ಬರೆಯಿರಿ. ನಮ್ಮ ಅಂಗಡಿಯಲ್ಲಿ ಆರು ತಿಂಗಳಿಂದ ಹಾಗೆಯೇ ಬರೆಯುತ್ತಿದ್ದೇವೆ. ಒಂದು ಬಿಲ್ಲಿಗೆ ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಕೇಟರಿಂಗ್ ಹುಡುಗನಿಗೆ ಆ ಜಿಟಿ 730ಯನ್ನು ಮನೆಯ ಟಿವಿಗೆ ಜೋಡಿಸಿದ ಇನ್ನೊಂದು ಹಳೆಯ ಕಂಪ್ಯೂಟರಿಗೆ ಹಾಕಿಕೊಟ್ಟೆವು, ಅವನ ತಂಗಿ ಅದರಲ್ಲಿ ಪಾಠದ ವಿಡಿಯೊ ನೋಡುತ್ತಾಳಂತೆ. 1650 ಕೊಳ್ಳಲು ಅವನು ಮತ್ತೆ ಕೂಡಿಸುತ್ತಿದ್ದಾನೆ. ಈ ಸಲ ಡಬ್ಬಿಯ ಅಳತೆ ಬರೆದ ಚೀಟಿ ಅವನ ಪರ್ಸಿನಲ್ಲಿದೆ. ಮಾಘದ ಮುಹೂರ್ತಗಳು ಶುರುವಾಗಲಿ ಎಂದು ಕಾಯುತ್ತಿದ್ದಾನೆ.