ಬಿಚ್ಚುವ ಮೊದಲು ಓದಬೇಕು

ಜಾಗ್ವಾರ್ ಇ-ಟೈಪ್ ಮೊದಲು ಜನರ ಕಣ್ಣಿಗೆ ಬಿದ್ದದ್ದು 1961ರ ಮಾರ್ಚಿನಲ್ಲಿ, ಜಿನೀವಾದ ಮೋಟಾರು ಪ್ರದರ್ಶನದಲ್ಲಿ. ಇಂಗ್ಲೆಂಡಿನ ಕೊವೆಂಟ್ರಿಯ ಕಾರ್ಖಾನೆಯಿಂದ ಹೊರಬಿದ್ದ ಮೊದಲ ಸುಮಾರು 500 ಕಾರುಗಳಲ್ಲಿ ಬಾನೆಟ್ಟಿನ ಬೀಗ ಹೊರಗಡೆ ಇತ್ತು, ತೆರೆಯಲು ಬೇರೆಯದೇ ಕೀಲಿ ಬೇಕಿತ್ತು. ಆಮೇಲೆ ಬೀಗ ಕಾರಿನ ಒಳಗೆ ಹೋಯಿತು. ಕಾಲಡಿಯ ತಗಡು ಮೊದಲು ಸಪಾಟಾಗಿತ್ತು. ಕಾಲಿಗೆ ಜಾಗ ಸಾಲದೆ 1962ರಲ್ಲಿ ಅಲ್ಲಿ ತಗ್ಗು ಮಾಡಿದರು. ಬಾನೆಟ್ಟಿನ ಗಾಳಿಕಿಂಡಿಗಳನ್ನು ಮೊದಲು ಬೇರೆ ತಗಡಿನಲ್ಲಿ ಮಾಡಿ ಬೆಸುಗೆ ಹಾಕುತ್ತಿದ್ದರು. ನಂತರ ಬಾನೆಟ್ಟಿನ ತಗಡಿನಲ್ಲೇ ಒತ್ತಿ ತೆಗೆದರು. 1964ರಲ್ಲಿ 3.8 ಲೀಟರ್ ಎಂಜಿನ್ ಹೋಗಿ 4.2 ಲೀಟರಿನದು ಬಂತು. ಹೆಸರು ಮಾತ್ರ ಇ-ಟೈಪ್ ಎಂದೇ ಉಳಿಯಿತು.

ಹೀಗಿರುವಾಗ, "ಕಾರ್ಖಾನೆಯಿಂದ ಬಂದ ಹಾಗೇ ಮಾಡಿಕೊಡಿ" ಎಂದು ಗ್ಯಾರೇಜಿನಲ್ಲಿ ಹೇಳಿದರೆ ಅದರ ಅರ್ಥವೇನು? ಯಾವ ವರ್ಷದ, ಯಾವ ತಿಂಗಳ ಕಾರ್ಖಾನೆ? ಹಳೆಯ ಸ್ಪೋರ್ಟ್ಸ್ ಕಾರುಗಳ ರೆಸ್ಟೋರೇಶನ್ ಕೆಡುವುದು ಬಹಳ ಸಲ ದುಡ್ಡು ಸಾಲದೆ ಅಲ್ಲ, ಅವಸರದಿಂದ. ಮೊದಲು ಬಿಚ್ಚಿ, ಉಜ್ಜಿ, ಬಣ್ಣ ಬಳಿದು, ಆಮೇಲೆ ಮೂಲದಲ್ಲಿ ಹೇಗಿತ್ತು ಎಂದು ಕೇಳಲು ಹೊರಡುತ್ತಾರೆ. ಅಷ್ಟರಲ್ಲಿ ಉತ್ತರ ಹೇಳಬೇಕಾದ ಸಾಕ್ಷಿಯೇ ಕಸದ ಬುಟ್ಟಿ ಸೇರಿರುತ್ತದೆ.

ಸಾಕ್ಷಿಗಳು ಮೂರು ಬಗೆ. ಮೊದಲನೆಯದು ಕಾಗದ. ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ದಾಖಲೆಗಳನ್ನು ನೋಡಿ ಪ್ರಮಾಣಪತ್ರ ಕೊಡುತ್ತದೆ. ಚಾಸಿ, ಎಂಜಿನ್, ಬಾಡಿ, ಗೇರ್‌ಬಾಕ್ಸಿನ ನಂಬರುಗಳು, ಹೊರಗಿನ ಮತ್ತು ಒಳಗಿನ ಬಣ್ಣ, ತಯಾರಾದ ದಿನ, ಯಾವ ವಿತರಕರಿಗೆ ಹೋಯಿತು ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ಯಾವ ಬೋಲ್ಟಿಗೆ ಯಾವ ಲೇಪನವಿತ್ತು, ಯಾವ ಪೈಪಿಗೆ ಯಾವ ಕ್ಲಿಪ್ಪು ಎಂದು ಅದು ಹೇಳುವುದಿಲ್ಲ.

ಎರಡನೆಯದು ಬಿಡಿಭಾಗಗಳ ಪುಸ್ತಕ. ಯಾವ ಚಾಸಿ ನಂಬರಿನಿಂದ ಯಾವ ಭಾಗ ಬದಲಾಯಿತು ಎಂದು ಅದು ತಿಳಿಸುತ್ತದೆ. ಆದರೆ ಅದನ್ನು ಬರೆದದ್ದು ಇತಿಹಾಸಕ್ಕೆಂದಲ್ಲ, ಅಂಗಡಿಯವನು ಸರಿಯಾದ ಭಾಗ ಕೊಡಲಿ ಎಂದು. ಹಳೆಯ ಭಾಗ ನಿಂತು ಹೊಸದು ಬಂದಾಗ, ಮುಂದಿನ ಮುದ್ರಣಗಳಲ್ಲಿ ಹಳೆಯದರ ಸುಳಿವೇ ಇಲ್ಲದಿರಬಹುದು.

ಮೂರನೆಯದು ಕಾರು. ಇದೇ ಎಲ್ಲಕ್ಕಿಂತ ದೊಡ್ಡ ಸಾಕ್ಷಿ, ಮತ್ತು ಅಳಿಸಿಹೋಗಲು ಎಲ್ಲಕ್ಕಿಂತ ಸುಲಭವಾದದ್ದು. ಡ್ಯಾಶ್‌ಬೋರ್ಡಿನ ಹಿಂದೆ, ಸೀಟಿನ ಹಳಿಯ ಕೆಳಗೆ, ಮರು ಬಣ್ಣ ಬಳಿಯುವವನ ಗನ್ನು ತಲುಪದ ಮೂಲೆಗಳಲ್ಲಿ ಮೊದಲ ಬಣ್ಣ ಉಳಿದಿರುತ್ತದೆ. ಜಿಡ್ಡು ಗಟ್ಟಿಯಾಗಿ ಕೂತ ಕಡೆ ಅದರ ಅಡಿಯಲ್ಲಿ ಕಾರ್ಖಾನೆಯ ಗುರುತುಗಳು ಭದ್ರವಾಗಿರುವುದೂ ಉಂಟು. ಅದನ್ನು ಕೊಳೆ ಎಂದು ತಿಳಿದು ತೊಳೆಯುವವನು ಕಾರಿನ ದಾಖಲೆಯನ್ನೇ ತೊಳೆಯುತ್ತಾನೆ.

ಕಾಗದ ಇಲ್ಲದ ಕಡೆ ಲೋಹವನ್ನೇ ಓದಬೇಕಾಗುತ್ತದೆ. 1960ರ ದಶಕದ ಅಮೆರಿಕದ ಶೆವ್ರೊಲೆ ಕಾರ್ವೆಟ್ ಇದಕ್ಕೆ ಒಳ್ಳೆಯ ಉದಾಹರಣೆ. ಎಂಜಿನ್ ಬ್ಲಾಕಿನಲ್ಲಿ ಎರಕ ಹೊಯ್ದ ದಿನದ ಗುರುತು ಇರುತ್ತದೆ. ಎಂಜಿನ್ ಜೋಡಿಸಿದ ದಿನವನ್ನು ಅದರ ಮೇಲಿನ ಸಪಾಟು ಜಾಗದಲ್ಲಿ ಒತ್ತಿರುತ್ತಾರೆ. ಎರಕ ಮೊದಲು, ಜೋಡಣೆ ಆಮೇಲೆ, ಕಾರು ಕೊನೆಗೆ. ಕಾರು ತಯಾರಾದ ದಿನಕ್ಕಿಂತ ಈಚಿನ ಎರಕದ ಎಂಜಿನ್ ಇದ್ದರೆ ಅದು ಆ ಕಾರಿನ ಮೂಲ ಎಂಜಿನ್ ಅಲ್ಲ, ಮಾರುವವನು ಏನೇ ಹೇಳಲಿ. ನಂಬರು ಒತ್ತಿದ ಜಾಗದಲ್ಲಿ ಯಂತ್ರ ಕೊರೆದ ಸಣ್ಣ ಸಮಾನಾಂತರ ಗೆರೆಗಳಿರಬೇಕು. ಹಳೆಯ ನಂಬರನ್ನು ಉಜ್ಜಿ ಹೊಸದನ್ನು ಒತ್ತಿದರೆ ಆ ಗೆರೆಗಳು ಮಾಯವಾಗುತ್ತವೆ. ಮೂಲ ಎಂಜಿನ್ ಇರುವ ಕಾರಿಗೂ ಇಲ್ಲದ ಕಾರಿಗೂ ಬೆಲೆಯಲ್ಲಿ ಬಹಳ ಅಂತರವಿರುವುದರಿಂದ, ಗೆರೆಗಳನ್ನೂ ನಕಲು ಮಾಡುವವರು ಹುಟ್ಟಿಕೊಂಡಿದ್ದಾರೆ.

ಇದೇ ಕಾರ್ವೆಟ್ ಕಲಿಸುವ ಇನ್ನೊಂದು ಪಾಠವಿದೆ. 1974ರಲ್ಲಿ ಹುಟ್ಟಿದ ನ್ಯಾಷನಲ್ ಕಾರ್ವೆಟ್ ರೆಸ್ಟೋರರ್ಸ್ ಸೊಸೈಟಿ ಕಾರುಗಳನ್ನು ತೂಗುವುದು ಅಂದಕ್ಕಲ್ಲ, ಕಾರ್ಖಾನೆಯಿಂದ ಹೊರಬಿದ್ದ ಸ್ಥಿತಿಗೆ ಹೋಲಿಸಿ. ಅದರ ಮೇಲ್ದರ್ಜೆಯ ಪ್ರಶಸ್ತಿಗೆ ಶೇ. 94 ಅಂಕ ಬೇಕು. ಅಂದಿನ ಕಾರ್ಖಾನೆಯ ಬಣ್ಣ ಇಂದಿನಷ್ಟು ನುಣುಪಾಗಿರಲಿಲ್ಲ. ಕೆಲವೆಡೆ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ, ಕೆಲವೆಡೆ ಪಕ್ಕದ ಭಾಗದ ಮೇಲೂ ಹಾರಿ ಬಿದ್ದ ತುಂತುರು. ಕನ್ನಡಿಯಂತೆ ಹೊಳೆಯುವ ಕಾರಿಗೆ ಅಲ್ಲಿ ಅಂಕ ಕಡಿಮೆಯಾಗಬಹುದು. ಕಾರ್ಖಾನೆ ಮಾಡಿದ್ದಕ್ಕಿಂತ ಚೆನ್ನಾಗಿ ಮಾಡುವುದೂ ತಪ್ಪು ಮಾಡಿದಂತೆಯೇ.

ಹಸ್ತಪ್ರತಿಗಳನ್ನು ಸಂಪಾದಿಸುವ ವಿದ್ವಾಂಸರಿಗೆ ಈ ಪೇಚು ಹೊಸದಲ್ಲ. ಲಿಪಿಕಾರ ತನಗೆ ಅರ್ಥವಾಗದ ಹಳೆಯ ಪದವನ್ನು ತೆಗೆದು ಗೊತ್ತಿರುವ ಪದ ಬರೆದುಬಿಡುತ್ತಾನೆ. ಆದ್ದರಿಂದ ವಿಚಿತ್ರವಾಗಿ ಕಂಡ ಪಾಠವನ್ನು ಸಂಪಾದಕರು ಕೂಡಲೇ ತಳ್ಳಿಹಾಕುವುದಿಲ್ಲ. ಕಾರಿನಲ್ಲೂ ಹೊಂದದ ಹಾಗೆ ಕಾಣುವ ಒಂದು ಬೋಲ್ಟು ಕಾರ್ಖಾನೆಯದೇ ಇರಬಹುದು, ನಡುವೆ ಯಾವನೋ ಮೆಕ್ಯಾನಿಕ್ ಹಾಕಿದ್ದೂ ಇರಬಹುದು. ತೀರ್ಮಾನಕ್ಕೆ, ಅದರ ಹಿಂದುಮುಂದಿನ ಚಾಸಿ ನಂಬರಿನ, ಇನ್ನೂ ಯಾರೂ ಬಿಚ್ಚದ ಕಾರುಗಳನ್ನು ನೋಡಬೇಕು. ಪ್ರದರ್ಶನದಲ್ಲಿ ಬಹುಮಾನ ಗೆದ್ದ ಕಾರನ್ನು ನೋಡಿದರೆ ಸಾಲದು. ಅದನ್ನು ನೋಡಿ ಮಾಡಿದ ನಾಲ್ಕು ಕಾರುಗಳಲ್ಲಿ ಒಂದೇ ತಪ್ಪು ಇದ್ದರೆ ಅದು ನಾಲ್ಕು ಸಾಕ್ಷಿಯಲ್ಲ, ಒಂದೇ ತಪ್ಪಿನ ನಾಲ್ಕು ಪ್ರತಿ.

ಇದು ಪರದೇಶದ ಶ್ರೀಮಂತರ ಹುಚ್ಚು ಎಂದು ತಳ್ಳಿಹಾಕುವಂತಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನ ವಿಂಟೇಜ್ ಎನಿಸಿಕೊಳ್ಳಬೇಕಾದರೆ ಅದು ಮೂಲರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು. ಆದರೆ ನಮ್ಮ ದೇಶದ ಹಳೆಯ ಕಾರುಗಳ ಚರಿತ್ರೆ ಅಷ್ಟು ಸರಳವಲ್ಲ. ಆಮದು ಬಿಗಿಯಾಗಿದ್ದ ಕಾಲದಲ್ಲಿ ಸಿಕ್ಕಿದ ಭಾಗದಿಂದ ಕಾರು ಓಡಿಸಿದವರು ನಮ್ಮವರು. 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ 1489 ಸಿಸಿ ಎಂಜಿನ್. ನಮ್ಮ ಅಂಬಾಸಿಡರ್ ಬಹಳ ಕಾಲ ಓಡಿದ್ದೂ ಅದೇ ಕುಟುಂಬದ, ಅದೇ ಅಳತೆಯ ಎಂಜಿನ್ನಿನಿಂದ. ಒಂದರ ಜಾಗದಲ್ಲಿ ಇನ್ನೊಂದು ಕೂತರೆ ಹೊರನೋಟಕ್ಕೆ ಬೇಗ ಗೊತ್ತಾಗದು. ನಂಬರನ್ನು ದಾಖಲೆಯ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ.

ಅಂಥ ಎಂಜಿನ್ ಸಿಕ್ಕರೆ ನಾಚಿಕೆಪಡಬೇಕಾಗಿಲ್ಲ. ಅದು ಆ ಕಾರು ಇಲ್ಲಿ ಬದುಕಿದ ರೀತಿ. ನಾಚಿಕೆಗೇಡು ಯಾವುದೆಂದರೆ ಅದರ ನಂಬರು ಉಜ್ಜಿ ಮೂಲದ್ದೆಂದು ಮಾರುವುದು.

"ಕಾರು ಇರುವುದು ಓಡಿಸಲಿಕ್ಕೆ, ಪೂಜೆ ಮಾಡಲಿಕ್ಕಲ್ಲ" ಎನ್ನುವವರ ಮಾತೂ ಸರಿಯೇ. ಒಳ್ಳೆಯ ಬ್ರೇಕು, ಹೊಸ ಟೈರು, ಬಿಸಿಲಿಗೆ ತಡೆಯುವ ರೇಡಿಯೇಟರ್ ಹಾಕಿಸಿಕೊಳ್ಳಲಿ. ತೆಗೆದ ಭಾಗಗಳನ್ನು ಗುಜರಿಗೆ ಹಾಕದೆ ಪೆಟ್ಟಿಗೆಯಲ್ಲಿಟ್ಟರೆ ಸಾಕು. ಮುಂದಿನ ಮಾಲೀಕನಿಗೆ ದಾರಿ ತೆರೆದಿರುತ್ತದೆ.

ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಪಾನಾ ಹಿಡಿಯುವ ಮೊದಲು ಪ್ರತಿ ಮೂಲೆಯ ಫೋಟೋ ತೆಗೆಯುವುದು, ಬಿಚ್ಚಿದ ಬೋಲ್ಟುಗಳನ್ನು ಚೀಟಿ ಕಟ್ಟಿ ಡಬ್ಬಿಯಲ್ಲಿಡುವುದು, ಕಾಣದ ಜಾಗದಲ್ಲಿ ಅಂಗೈ ಅಗಲದಷ್ಟು ಹಳೆಯ ಬಣ್ಣವನ್ನು ಹಾಗೇ ಬಿಡುವುದು. ಜೊತೆಗೆ ಒಂದು ನೋಟ್‌ಬುಕ್ಕು, ಅದರಲ್ಲಿ ಮೂರು ಪಟ್ಟಿ: ಇದಕ್ಕೆ ಪುರಾವೆ ಇದೆ, ಇದು ಊಹೆ, ಇದು ಬದಲಾಯಿಸಿದ್ದು. ಕಾರು ಮಾರುವಾಗ ಕೀಲಿಯ ಜೊತೆ ಆ ನೋಟ್‌ಬುಕ್ಕನ್ನೂ ಕೊಡಬೇಕು.