ಬೀಗದ ಕೈ ಯಾರ ಜೇಬಿನಲ್ಲಿ?

ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಗಲ್ಲಾಪೆಟ್ಟಿಗೆಯಲ್ಲಿ ನೂರು ರೂಪಾಯಿ ಕಮ್ಮಿ ಬಂದರೆ ಮಂಡಿಪೇಟೆಯ ಸಾಹುಕಾರರಿಗೆ ಅನ್ನ ಇಳಿಯುವುದಿಲ್ಲ. ಹುಡುಗರನ್ನೆಲ್ಲ ನಿಲ್ಲಿಸಿ, ಚೀಟಿ ಚೀಟಿ ತಾಳೆ ಹಾಕಿ, ಲೆಕ್ಕ ಸರಿಹೋದ ಮೇಲೇ ಷಟರ್ ಎಳೆಯುವುದು. ಸರಿಯಾದ ಪದ್ಧತಿ. ಆದರೆ ಅದೇ ಊರಿನ ಆಸ್ಪತ್ರೆಯ ವಾರ್ಡಿನಲ್ಲಿ ನೋವು ಕಳೆಯುವ ಇಂಜೆಕ್ಷನ್ನಿನ ಎರಡು ಆಂಪೂಲು ಲೆಕ್ಕಕ್ಕೆ ಸಿಗದಿದ್ದರೆ ಏನಾಗುತ್ತದೆ? ಯಾರು ಯಾರನ್ನು ನಿಲ್ಲಿಸಿ ಕೇಳುತ್ತಾರೆ? "ಕೈ ಜಾರಿ ಒಡೆದುಹೋಯ್ತು" ಎಂದು ಪುಸ್ತಕದಲ್ಲಿ ಒಂದು ಸಾಲು ಗೀಚಿದರೆ ಮುಗಿಯಿತೇ?

ವಿಷಯ ಕಹಿಯಾದದ್ದು. ರೋಗಿಗೆಂದು ಇಟ್ಟ ಮತ್ತಿನ ಮದ್ದನ್ನು ತೆಗೆದು ತಾವೇ ಚುಚ್ಚಿಕೊಳ್ಳುವ ಆಸ್ಪತ್ರೆ ಸಿಬ್ಬಂದಿ ಲೋಕದಲ್ಲಿ ಉಂಟು. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅಂಥವರ ಪಕ್ಕದಲ್ಲೇ ಡ್ಯೂಟಿ ಮಾಡುವ ಇನ್ನೊಬ್ಬ ಸಿಸ್ಟರ್‌ಗೆ ಅನುಮಾನ ಬಂದರೆ ಆಕೆ ಏನು ಮಾಡಬೇಕು? ತುಮಕೂರು, ಗುಬ್ಬಿ, ಕುಣಿಗಲ್ಲುಗಳಲ್ಲಿ ನರ್ಸಿಂಗ್ ಹೋಂ ಬೋರ್ಡುಗಳಿಗೆ ಬರವಿಲ್ಲ. ಈ ಪ್ರಶ್ನೆಗೆ ಉತ್ತರ ಬರೆದ ಬೋರ್ಡು ಎಷ್ಟು ಕಡೆ ಇದೆ? ಇಲ್ಲಿ ಯಾವ ಆಸ್ಪತ್ರೆಯ ಮೇಲೂ ಆರೋಪವಿಲ್ಲ. ಕಳ್ಳ ಹೊಕ್ಕ ಮೇಲೆ ಬೀಗ ಹುಡುಕುವುದಕ್ಕಿಂತ ಮುಂಚೆಯೇ ಮಾತಾಡಿಕೊಳ್ಳುವುದು ಲೇಸಲ್ಲವೇ?

ಚಟ ಹೇಗೆ ಹತ್ತುತ್ತದೆ?

ಆಸ್ಪತ್ರೆಯಲ್ಲಿ ಕೆಲಸ ಮಾಡುವವರಿಗೆ ಚಟ ಹತ್ತುವ ದಾರಿ ಪೋಲಿ ಹುಡುಗರ ದಾರಿಯಲ್ಲ. ರಾತ್ರಿ ಪಾಳಿ, ಮೇಲೆ ಹಗಲು ಪಾಳಿ, ಎತ್ತಿ ಕೂರಿಸುವ ರೋಗಿಗಳು, ಹಿಡಿದುಕೊಳ್ಳುವ ಸೊಂಟ. ಒಂದು ದಿನ ನೋವಿಗೆಂದು ಒಂದು ಇಂಜೆಕ್ಷನ್. ಇನ್ನೊಂದು ದಿನ ನಿದ್ದೆಗೆಂದು ಒಂದು ಮಾತ್ರೆ. ಮದ್ದಿನ ಗುಣ ಗೊತ್ತು, ಚುಚ್ಚುವ ಕೈ ಗೊತ್ತು, ಬೀರುವಿನ ಬೀಗದ ಕೈ ಜೇಬಿನಲ್ಲೇ ಇದೆ. "ನಂಗೆ ಅಳತೆ ಗೊತ್ತು, ನಂಗೇನೂ ಆಗಲ್ಲ" ಎಂಬ ಧೈರ್ಯವೇ ಹಳ್ಳಕ್ಕೆ ಕೆಡಹುತ್ತದೆ. ಮಾರ್ಫಿನ್, ಫೆಂಟನಿಲ್, ಫೋರ್ಟ್‌ವಿನ್ ಎಂದು ಎಲ್ಲರೂ ಕರೆಯುವ ಪೆಂಟಜೋಸಿನ್, ಟ್ರಮಡಾಲ್ ಇವೆಲ್ಲ ಮೈಗೆ ಅಭ್ಯಾಸ ಹಿಡಿಸುವ ಮದ್ದುಗಳು. ಮೊದಲು ಒಂದು ಸಾಕಾಗುತ್ತಿದ್ದದ್ದು ಆಮೇಲೆ ಎರಡು ಬೇಕು. ಸಿಗದಿದ್ದರೆ ಬೆವರು, ನಡುಕ, ವಾಂತಿ, ಸಿಡುಕು.

ಸಂಬಳದ ಮಾತೂ ಇದರಲ್ಲಿ ಸೇರಿದೆ. ಖಾಸಗಿ ನರ್ಸುಗಳ ಸಂಬಳ ವಿಚಾರಿಸಲು 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಕೂತ ಸಮಿತಿ, ಐವತ್ತಕ್ಕಿಂತ ಕಮ್ಮಿ ಹಾಸಿಗೆಯ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಇರಬಾರದು ಎಂದು ಶಿಫಾರಸು ಮಾಡಿತು. ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಂಗಳಲ್ಲಿ ಈ ಶಿಫಾರಸು ಎಷ್ಟರಮಟ್ಟಿಗೆ ಜಾರಿಯಾಗಿದೆ ಎಂದು ಮಾಲೀಕರೇ ಎದೆ ಮುಟ್ಟಿಕೊಂಡು ಹೇಳಲಿ. ದಣಿದ ಕೈಗೆ ಬೀಗದ ಕೈಯನ್ನೂ ಕೊಟ್ಟು, ಲೆಕ್ಕವನ್ನೂ ಕೇಳದೆ ಬಿಟ್ಟರೆ ತಪ್ಪು ಆ ಕೈಯದೊಂದೇ ಅಲ್ಲ.

ಕಣ್ಣು ಕೆಂಪಾದರೆ ಕಳ್ಳಿಯೇ?

ಹಾಗೆಂದು ಸಿಕ್ಕಸಿಕ್ಕವರ ಮೇಲೆ ಅನುಮಾನ ಪಡುವುದೂ ಪಾಪ. ಗುಬ್ಬಿ ಕಡೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೋದ ಸಿಸ್ಟರನ್ನು ಪ್ರಯಾಣಿಕರು ಎಷ್ಟು ಸಲ ನೋಡಿಲ್ಲ! ಅದು ಹನ್ನೆರಡು ಗಂಟೆ ನಿಂತು ದುಡಿದ ಮೈ. ಕೈ ನಡುಗಿದರೆ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿದಿರಬಹುದು. ಥೈರಾಯ್ಡ್ ಇರಬಹುದು. ಮಾತು ತೊದಲಿದರೆ ಫಿಟ್ಸ್ ಮಾತ್ರೆ ನುಂಗುತ್ತಿರಬಹುದು. ಮನೆಯಲ್ಲಿ ಸಾವಾಗಿರಬಹುದು, ಗಂಡನ ಕಾಟ ಇರಬಹುದು.

ಗುಬ್ಬಿ, ಕುಣಿಗಲ್ಲಿನಂಥ ಊರಿನಲ್ಲಿ ಬೆಳಗ್ಗೆ ವಾರ್ಡಿನಲ್ಲಿ ಪಿಸುಗುಟ್ಟಿದ್ದು ಸಂಜೆಗೆ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಇರುತ್ತದೆ. ಇಲಿ ಹೋಯ್ತು ಅಂದರೆ ಹುಲಿ ಹೋಯ್ತು ಅನ್ನುವ ಜನ. ಮದುವೆಯಾಗದ ಹುಡುಗಿಯ ಮೇಲೆ ಇಂಥ ಮಾತು ಒಮ್ಮೆ ಕೂತರೆ ಡಾಕ್ಟರ ಸರ್ಟಿಫಿಕೇಟಿನಿಂದಲೂ ಅಳಿಸುವುದಿಲ್ಲ. ಹೊರ ರಾಜ್ಯದಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿಯಾದರೆ ಅವಳ ಪರ ಒಂದು ಮಾತಾಡುವವರೂ ಇಲ್ಲ.

ಆದ್ದರಿಂದ ಮುಖ ನೋಡಿ ತೀರ್ಮಾನ ಬೇಡ, ಲೆಕ್ಕ ನೋಡಿ. ಚಾರ್ಟಿನಲ್ಲಿ ಇಂಜೆಕ್ಷನ್ ಕೊಟ್ಟಾಯ್ತು ಎಂದಿದೆ, ಆದರೆ ಹಾಸಿಗೆಯ ಮೇಲಿನ ರೋಗಿ ನೋವಿನಿಂದ ಒದ್ದಾಡುತ್ತಲೇ ಇದ್ದಾನೆ. ಅದೂ ಒಂದೇ ಒಬ್ಬರ ಪಾಳಿಯಲ್ಲಿ, ಮತ್ತೆ ಮತ್ತೆ. ಆಂಪೂಲು ಒಡೆಯುವುದು, ಮಿಕ್ಕ ಮದ್ದು ಚೆಲ್ಲಿಹೋಗುವುದು ಯಾವಾಗಲೂ ಅದೇ ಕೈಯಲ್ಲಿ, ಅದೂ ನೋಡಿದ ಸಾಕ್ಷಿ ಇಲ್ಲದೆ. "ನಿಮ್ಮ ಪೇಷಂಟಿಗೆ ನಾನೇ ಇಂಜೆಕ್ಷನ್ ಹಾಕ್ತೀನಿ ಬಿಡಕ್ಕ" ಎಂಬ ಅತಿ ಉಪಕಾರ. ರಜೆಯ ದಿನವೂ ವಾರ್ಡಿಗೆ ಬರುವುದು, ಬೀರು ತೆರೆದ ಕೂಡಲೇ ಬಾತ್‌ರೂಮಿಗೆ ಹೋಗಿ ಬಹಳ ಹೊತ್ತು ಬರದಿರುವುದು, ಸೆಕೆಯಲ್ಲೂ ಉದ್ದ ತೋಳು. ಇವುಗಳಲ್ಲಿ ಒಂದೊಂದೇ ಬಿಡಿಯಾಗಿ ಏನನ್ನೂ ಹೇಳುವುದಿಲ್ಲ. ಎಲ್ಲ ಒಟ್ಟಿಗೆ ಸೇರಿ, ದಿನಾಂಕದ ಜೊತೆ ಪುಸ್ತಕದಲ್ಲಿ ತಾಳೆಯಾದರೆ ಆಗ ಮಾತು ಬೇರೆ.

ಸಾಗಹಾಕುವ ಜಾಣತನ

ಸಿಕ್ಕಿಬಿದ್ದ ಮೇಲೆ ಏನು ಮಾಡುತ್ತಾರೆ ಎನ್ನುವಲ್ಲೇ ಅಸಲಿ ಅಪಾಯ ಇರುವುದು. "ಹೆಸರು ಕೆಡೋದು ಬೇಡ, ಪೊಲೀಸು ಗಿಲೀಸು ಬೇಡ, ನೀನೇ ರಾಜೀನಾಮೆ ಬರೆದುಕೊಟ್ಟು ಹೋಗಮ್ಮ" ಎಂದು ಕೈತೊಳೆದುಕೊಳ್ಳುವುದು. ಜೊತೆಗೆ ಒಂದು ಒಳ್ಳೆಯ ನಡತೆಯ ಸರ್ಟಿಫಿಕೇಟು. ಮಾರನೆಯ ವಾರ ಅದೇ ಕೈ ಇನ್ನೊಂದು ಊರಿನ ಇನ್ನೊಂದು ಬೀರುವಿನ ಮುಂದೆ. ಗಲ್ಲಾ ಮುಟ್ಟಿದ ಹುಡುಗನನ್ನು ಸದ್ದಿಲ್ಲದೆ ಬಿಡಿಸಿ, ಎದುರು ಸಾಲಿನ ಅಂಗಡಿಯವನು ವಿಚಾರಿಸಿದಾಗ "ಒಳ್ಳೆ ಹುಡುಗ" ಎಂದಂತೆ.

ಇದರ ಫಲ ಏನೆಂದು ಅಮೆರಿಕಾ ದೇಶ ಕಣ್ಣಾರೆ ಕಂಡಿದೆ. ಅಲ್ಲಿ ಡೇವಿಡ್ ಕ್ವಿಯಾಟ್‌ಕೋವ್‌ಸ್ಕಿ ಎಂಬ ಆಸ್ಪತ್ರೆ ಟೆಕ್ನೀಷಿಯನ್ ಇದ್ದ. ನರ್ಸಲ್ಲ, ಹೃದಯದ ಪರೀಕ್ಷೆ ನಡೆಯುವ ಕೋಣೆಯ ಸಹಾಯಕ. ರೋಗಿಗೆಂದು ತುಂಬಿಟ್ಟ ಫೆಂಟನಿಲ್ ಸಿರಿಂಜನ್ನು ಕದ್ದು ತಾನು ಚುಚ್ಚಿಕೊಳ್ಳುವುದು, ಅದೇ ಸಿರಿಂಜಿಗೆ ಸಲೈನ್ ತುಂಬಿ ವಾಪಸು ಇಡುವುದು, ಇದು ಅವನ ಕಸುಬು. ಅವನ ರಕ್ತದಲ್ಲಿ ಹೆಪಟೈಟಿಸ್ ಸಿ ಇತ್ತು. ನೋವಿನ ಮದ್ದಿನ ಬದಲು ರೋಗಿಗಳಿಗೆ ಹೋದದ್ದು ಉಪ್ಪುನೀರು ಮತ್ತು ಆ ರೋಗ.

2008ರಲ್ಲಿ ಪಿಟ್ಸ್‌ಬರ್ಗ್ ನಗರದ ಆಸ್ಪತ್ರೆಯಲ್ಲಿ ಸಹೋದ್ಯೋಗಿಯೊಬ್ಬರು ಅವನ ಕೈಚಳಕ ಕಂಡರು. ಅವನ ಬಳಿ ಖಾಲಿ ಸಿರಿಂಜುಗಳೂ ಸಿಕ್ಕವು. ಕೆಲಸದಿಂದ ಕಳಿಸಿದರೇ ಹೊರತು ಪೊಲೀಸಿಗೆ ಕೊಡಲಿಲ್ಲ. 2010ರಲ್ಲಿ ಅರಿಜೋನಾದ ಆಸ್ಪತ್ರೆಯ ಶೌಚಾಲಯದಲ್ಲಿ ಎಚ್ಚರ ತಪ್ಪಿ ಬಿದ್ದಿದ್ದ, ಪಕ್ಕದಲ್ಲೇ ಫೆಂಟನಿಲ್ ಚೀಟಿಯ ಸಿರಿಂಜು. ಅಲ್ಲೂ ಕಳಿಸಿದರು. ಕೆಲವೇ ದಿನಗಳಲ್ಲಿ ಇನ್ನೊಂದು ಊರಿನಲ್ಲಿ ಕೆಲಸ ಸಿಕ್ಕಿತು. ಹೀಗೆ ಹಲವು ರಾಜ್ಯಗಳ ಹದಿನೆಂಟು ಆಸ್ಪತ್ರೆ ಸುತ್ತಿ ನ್ಯೂ ಹ್ಯಾಂಪ್‌ಶೈರಿನ ಎಕ್ಸೆಟರ್ ಆಸ್ಪತ್ರೆಗೆ ಬಂದ. ಕಣ್ಣು ಕೆಂಪಗಿದೆ, ಬೆವರುತ್ತಾನೆ ಎಂದು ಜೊತೆಯವರಿಗೆ ಅನುಮಾನ ಬರುತ್ತಿತ್ತು. ಬಂಧುಗಳು ತೀರಿಕೊಂಡರು, ತನಗೆ ಕ್ಯಾನ್ಸರ್ ಇದೆ ಎಂಬ ಕತೆ ಕೇಳಿ ಮರುಗಿ ಸುಮ್ಮನಾಗುತ್ತಿದ್ದರು. 2012ರ ಜುಲೈನಲ್ಲಿ ಬಂಧನವಾಯಿತು. 2013ರ ಡಿಸೆಂಬರಿನಲ್ಲಿ 39 ವರ್ಷ ಜೈಲು. ಅಷ್ಟರಲ್ಲಿ ಕನಿಷ್ಠ 45 ಮಂದಿಗೆ ರೋಗ ಅಂಟಿತ್ತು.

ಅಷ್ಟು ಯಂತ್ರ, ಅಷ್ಟು ಕಂಪ್ಯೂಟರ್ ಇದ್ದ ದೇಶದಲ್ಲೇ ಹೀಗಾಯಿತು. ಕಾರಣ ಯಂತ್ರ ಕೆಟ್ಟಿದ್ದಲ್ಲ. ಕಂಡವರು ಕಂಡಿದ್ದರು, ಬರೆದು ಮುಂದಿನವರಿಗೆ ತಿಳಿಸಬೇಕಾದವರು ತಿಳಿಸಲಿಲ್ಲ, ಅಷ್ಟೇ.

ಕಾಯಿದೆ ಬರೀ ಜೈಲಲ್ಲ

"ಹೇಳಿಬಿಟ್ರೆ ಪಾಪ, ಅವಳ ಬಾಳೇ ಹಾಳಾಗುತ್ತೆ" ಎಂಬುದು ಬಾಯಿ ಮುಚ್ಚಿಸುವ ಮಾತು. ಕರುಣೆಯ ಮಾತೇ ಹೌದು, ಆದರೆ ಅರ್ಧ ಮಾತ್ರ ಸರಿ. 1985ರ ಮಾದಕ ವಸ್ತು ಕಾಯಿದೆ ಕಠಿಣವಾದದ್ದು ನಿಜ. ಅದೇ ಕಾಯಿದೆಯ 64ಎ ಕಲಮು ಇನ್ನೊಂದು ಬಾಗಿಲು ತೆರೆದಿಟ್ಟಿದೆ. ಸೇವನೆ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿನ ಕೇಸಿನಲ್ಲಿರುವ ವ್ಯಸನಿ ತಾನಾಗಿ ಬಂದು ಸರ್ಕಾರದ ಮಾನ್ಯತೆ ಇರುವ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಆ ಕೇಸಿನಿಂದ ರಕ್ಷಣೆ ಉಂಟು. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ಅರ್ಧಕ್ಕೆ ಬಿಟ್ಟರೆ ರಕ್ಷಣೆ ಹೋದೀತು. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೂ ಮದ್ಯ, ಮಾದಕ ವಸ್ತುವಿನ ಚಟದಿಂದ ಬರುವ ತೊಂದರೆಯನ್ನು ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ತುಮಕೂರಿನಿಂದ ಎಪ್ಪತ್ತು ಕಿಲೋಮೀಟರು ಹೋದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ಇದಕ್ಕೆಂದೇ ವಿಭಾಗ ಇದೆ. ಫೋನಿನಲ್ಲೇ ಕೇಳುವುದಾದರೆ ಟೆಲಿ ಮಾನಸ್ 14416, ಚಟ ಬಿಡಿಸುವ ಸಹಾಯವಾಣಿ 14446.

ಬೇಗ ಹೇಳಿದರೆ ಇದು ಕಾಯಿಲೆಯ ಹಂತದಲ್ಲೇ ಸಿಗುತ್ತದೆ. ತಡವಾಗಿ ಗೊತ್ತಾದರೆ ಕೊಲೆಯೋ, ಸಾವೋ, ಜೈಲೋ ಯಾರಿಗೆ ಗೊತ್ತು? ಅತಿಯಾದ ಅಳತೆ ಚುಚ್ಚಿಕೊಂಡು ಬಾತ್‌ರೂಮಿನಲ್ಲೇ ಉಸಿರು ನಿಂತರೆ ಆಗ ಅಳಲು ಬರುವವರು "ನಂಗೆ ಮೊದಲೇ ಅನುಮಾನ ಇತ್ತು" ಎಂದು ಹೇಳಿ ಏನು ಪ್ರಯೋಜನ?

ಲೆಕ್ಕ ಇಟ್ಟರೆ ಇಬ್ಬರಿಗೂ ಕ್ಷೇಮ

ಬಿ.ಎಚ್. ರಸ್ತೆಯ ಮೆಡಿಕಲ್ ಸ್ಟೋರಿನವರನ್ನು ಕೇಳಿ. ಷೆಡ್ಯೂಲ್ ಎಚ್1 ಪಟ್ಟಿಯ ಮದ್ದು ಮಾರಿದರೆ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2014ರಿಂದ ಇದು ಜಾರಿಯಲ್ಲಿದೆ. ಟ್ರಮಡಾಲ್ 2018ರಲ್ಲಿ ಮಾದಕ ವಸ್ತು ಕಾಯಿದೆಯ ಕೆಳಗೇ ಬಂತು. ಮಾರ್ಫಿನ್, ಫೆಂಟನಿಲ್ ಇಡುವ ಮಾನ್ಯತೆ ಪಡೆದ ಆಸ್ಪತ್ರೆ ಅದರ ಲೆಕ್ಕ ಬರೆದಿಡಲೇಬೇಕು. ಹಾದಿಯ ಅಂಗಡಿಗೆ ಇಷ್ಟು ಕಟ್ಟುನಿಟ್ಟಾದರೆ ವಾರ್ಡಿನ ಬೀರುವಿಗೆ ಯಾಕೆ ಸಡಿಲ?

ಮಾಡಬೇಕಾದದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಮತ್ತಿನ ಮದ್ದಿಗೆ ಬೇರೆ ಬೀರು, ಎರಡು ಬೀಗ. ಪಾಳಿ ಬದಲಾಗುವಾಗ ಹೋಗುವವರು, ಬರುವವರು ಇಬ್ಬರೂ ನಿಂತು ಆಂಪೂಲು ಎಣಿಸಿ ಸಹಿ ಹಾಕುವುದು. ಒಡೆದದ್ದಕ್ಕೆ, ಮಿಕ್ಕು ಚೆಲ್ಲಿದ್ದಕ್ಕೆ ಎರಡನೆಯವರ ಸಹಿ. ಖಾಲಿ ಆಂಪೂಲು ವಾಪಸು ಕೊಟ್ಟರೇ ಹೊಸದು. ರೋಗಿಯನ್ನು "ನೋವು ಕಮ್ಮಿ ಆಯ್ತೇನಪ್ಪಾ?" ಎಂದು ಅರ್ಧ ಗಂಟೆ ಬಿಟ್ಟು ಕೇಳಿ ಬರೆಯುವುದು. ಇದರಿಂದ ಕಳ್ಳತನ ಮಾಡುವವರು ಬೇಗ ಸಿಗುತ್ತಾರೆ. ಅದಕ್ಕಿಂತ ಮುಖ್ಯ, ತಪ್ಪು ಮಾಡದವರು ಬೇಗ ಪಾರಾಗುತ್ತಾರೆ. ಗಾಳಿಮಾತಿಗೆ ಉತ್ತರ ಕೊಡಲು ಬಡ ನರ್ಸಮ್ಮನ ಕೈಯಲ್ಲಿ ಸಹಿ ಇರುವ ಪುಸ್ತಕವಲ್ಲದೆ ಇನ್ನೇನಿದೆ?

ಅನುಮಾನ ಬಂದ ಜೊತೆಗಾತಿ ಮಾಡಬೇಕಾದದ್ದೂ ಇಷ್ಟೇ. ಹರಟೆಯಲ್ಲಿ ಆಡಬಾರದು, ತಾನೇ ಪತ್ತೇದಾರಿ ಮಾಡಬಾರದು, ಒಬ್ಬಳೇ ಹೋಗಿ ಎದುರು ನಿಲ್ಲಿಸಿ ಕೇಳಬಾರದು. ಕಂಡದ್ದನ್ನು ಮಾತ್ರ, ದಿನಾಂಕ ವೇಳೆ ಸಮೇತ ಬರೆದು ನರ್ಸಿಂಗ್ ಸೂಪರಿಂಟೆಂಡೆಂಟರ ಕೈಗೆ ಕೊಡಬೇಕು. "ಅವಳು ಚಟದವಳು" ಎಂದಲ್ಲ, "ಇಂಥ ದಿನ ಇಷ್ಟು ಆಂಪೂಲು ತಾಳೆಯಾಗಲಿಲ್ಲ" ಎಂದು. ಆದರೆ ಪಕ್ಕದಲ್ಲೇ ನಿಂತವರು ತೂಕಡಿಸುತ್ತ ರೋಗಿಗೆ ಸೂಜಿ ಹಿಡಿದಿದ್ದರೆ ಕಾಗದ ಬರೆಯುವವರೆಗೆ ಕಾಯುವಂತಿಲ್ಲ. "ಕೊಡಿ ಅಕ್ಕ, ನೀವು ಕೂತ್ಕೊಳ್ಳಿ" ಎಂದು ಸೂಜಿ ಇಸಿದುಕೊಂಡು, ಡ್ಯೂಟಿ ಡಾಕ್ಟರನ್ನು ಕರೆಯಬೇಕು. ಅವರೂ ಒಂಟಿಯಾಗಿ ಸ್ಕೂಟರ್ ಹತ್ತಿ ಮನೆಗೆ ಹೋಗದಂತೆ ನೋಡಬೇಕು.

ಕೆ.ಎಸ್.ಆರ್.ಟಿ.ಸಿ. ಡಿಪೋದಲ್ಲಿ ಡ್ರೈವರ್ ಕುಡಿದಿದ್ದಾನೆಯೇ ಎಂದು ಉಸಿರು ಪರೀಕ್ಷೆ ಮಾಡುತ್ತಾರೆ. ಅದನ್ನು ಯಾವ ಪ್ರಯಾಣಿಕನೂ ಡ್ರೈವರಿಗೆ ಮಾಡಿದ ಅವಮಾನ ಎನ್ನುವುದಿಲ್ಲ. ಐವತ್ತು ಜೀವ ಹಿಂದೆ ಕೂತಿವೆ. ವಾರ್ಡಿನಲ್ಲಿ ಮಲಗಿದವರಿಗೆ ಇಳಿದುಕೊಳ್ಳುವ ಸ್ಟಾಪೂ ಇಲ್ಲ.

ಅಧಿಕಾರಿಗಳು ಗಮನಿಸಲಿ

ಖಾಸಗಿ ಆಸ್ಪತ್ರೆಗಳ ನೋಂದಣಿ ಮತ್ತು ದೂರಿನ ಪ್ರಾಧಿಕಾರ ಜಿಲ್ಲೆಯಲ್ಲೇ ಇದೆ. ಜಿಲ್ಲಾಧಿಕಾರಿಗಳೇ ಅದರ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಗಳು ಸದಸ್ಯ ಕಾರ್ಯದರ್ಶಿ. ನೋಂದಣಿ ನವೀಕರಣಕ್ಕೆ ಬಂದ ಆಸ್ಪತ್ರೆಯನ್ನು ಕಟ್ಟಡ, ಬೆಂಕಿ ಆರಿಸುವ ಸಿಲಿಂಡರ್ ಎಂದೆಲ್ಲ ಕೇಳುವವರು ಇನ್ನೆರಡು ಪ್ರಶ್ನೆ ಸೇರಿಸಲಿ. ಮತ್ತಿನ ಮದ್ದಿನ ಪುಸ್ತಕ ಎಲ್ಲಿ? ಸಿಬ್ಬಂದಿಯ ಮೇಲೆ ಅನುಮಾನ ಬಂದರೆ ಯಾರಿಗೆ ಬರೆದುಕೊಡಬೇಕು ಎಂಬ ನಿಯಮ ಎಲ್ಲಿ? ಬರೆದುಕೊಟ್ಟವಳನ್ನೇ ಕೆಲಸದಿಂದ ತೆಗೆಯುವ ಮಾಲೀಕರಿದ್ದರೆ ಅವರಿಗೆ ನೋಟೀಸು ಹೋಗಲಿ. ಔಷಧ ನಿಯಂತ್ರಣದ ಇನ್‌ಸ್ಪೆಕ್ಟರರು ಅಂಗಡಿಗಳ ಜೊತೆಗೆ ವಾರ್ಡಿನ ಬೀರುವನ್ನೂ ಒಮ್ಮೆ ತೆರೆಸಿ ನೋಡಲಿ.

ಮಾಲೀಕರಿಗೆ ಒಂದೇ ಮಾತು. ಚಟ ಹತ್ತಿದ ನರ್ಸನ್ನು ಚಿಕಿತ್ಸೆಗೆ ಕಳಿಸಿ, ಗುಣವಾದರೆ ಬೀಗದ ಕೈ ಇಲ್ಲದ ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ. ಅದು ಧರ್ಮ. ಗುಟ್ಟಾಗಿ ಒಳ್ಳೆಯ ಸರ್ಟಿಫಿಕೇಟು ಕೊಟ್ಟು ಕುಣಿಗಲ್ಲಿನಿಂದ ಗುಬ್ಬಿಗೆ, ಗುಬ್ಬಿಯಿಂದ ತುಮಕೂರಿಗೆ ಸಾಗಹಾಕಬೇಡಿ. ಆ ಊರಿನ ಹಾಸಿಗೆಯ ಮೇಲೂ ಯಾರದೋ ಮನೆಯವರು ಮಲಗಿರುತ್ತಾರೆ.