ಯರಗಟ್ಟಿಯ ತಾಯಿಗೆ ಉಳಿದರ್ಧ ಉತ್ತರ

ಕಳೆದ ತಿಂಗಳು ಯರಗಟ್ಟಿಯ ಬಸ್ ನಿಲ್ದಾಣದಲ್ಲಿ ಸವದತ್ತಿಯ ಬಸ್ಸಿಗಾಗಿ ನಾವು ಕಾದು ಕುಳಿತಿದ್ದಾಗ, ಪತ್ರಿಕೆಯ ಹಳೆಯ ಓದುಗರಾದ ತಾಯಿಯೊಬ್ಬರು ಗುರುತು ಹಿಡಿದು ಬಳಿಗೆ ಬಂದರು. ಕ್ಷೇಮ ಸಮಾಚಾರ ಮುಗಿದ ಮೇಲೆ ಅತ್ತಿತ್ತ ನೋಡಿ, "ಕುಡಿಯೋದು ಬಿಟ್ಟವರು ಕೂಡಿ ಕುಂತು ಮಾತಾಡ್ತಾರಂತಲ್ರೀ, ಅಂಥಾದ್ದು ನಮ್ಮ ಕಡೆ ಎಲ್ಲೈತ್ರೀ?" ಎಂದು ಕೇಳಿದರು. ಅವರ ಮಗ ಶಿಬಿರವೊಂದರಲ್ಲಿದ್ದು ಬಂದು ನಾಲ್ಕು ತಿಂಗಳು ಮುಟ್ಟಿರಲಿಲ್ಲ. ಕಬ್ಬಿನ ಬಿಲ್ಲು ಕೈಸೇರಿದ ದಿನ ಮತ್ತೆ ಮುಟ್ಟಿದ. ಮಗಳ ನಿಶ್ಚಯ ಕಾರ್ಯ ಹತ್ತಿರವಿದ್ದು, ಸುದ್ದಿ ಬೀಗರ ಕಿವಿಗೆ ಬಿದ್ದೀತೆಂಬ ಅಂಜಿಕೆ ಬೇರೆ. ಅಷ್ಟರಲ್ಲಿ ಬಸ್ಸು ಬಂತು. ಅರ್ಧ ಉತ್ತರ ಹೇಳಿ ಹತ್ತಿದೆವು. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇವೆ.

ತಾಯಿಯವರು ಕೇಳಿದ ಕೂಟವು ಹುಟ್ಟಿದ್ದೂ ಇಂಥ ಹುಡುಕಾಟದಿಂದಲೇ. 1935ರಲ್ಲಿ ಅಮೆರಿಕದ ಬಿಲ್ ವಿಲ್ಸನ್ ಎಂಬಾತ ವ್ಯವಹಾರಕ್ಕೆಂದು ಅಕ್ರನ್ ಎಂಬ ಪಟ್ಟಣಕ್ಕೆ ಹೋಗಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು. ವ್ಯವಹಾರ ಕೈಕೊಟ್ಟಿತು. ಇಳಿದುಕೊಂಡ ಹೋಟೆಲಿನ ಒಂದು ಬದಿಗೆ ಪಾನಗೃಹ, ಇನ್ನೊಂದು ಬದಿಗೆ ದೂರವಾಣಿ. ಆತ ದೂರವಾಣಿಯ ಕಡೆ ನಡೆದು ಊರಿನ ಪಾದ್ರಿಗಳಿಗೆ ಕರೆ ಮಾಡಿ, ಮಾತನಾಡಲು ತನ್ನಂಥವನೇ ಒಬ್ಬ ಕುಡುಕ ಬೇಕೆಂದು ಕೇಳಿಕೊಂಡ. ಹಾಗೆ ದೊರೆತವರು ಡಾ. ಬಾಬ್ ಸ್ಮಿತ್ ಎಂಬ ವೈದ್ಯರು. ಅವರಿಬ್ಬರ ಮಾತುಕತೆಯೇ ಇಂದು ಜಗತ್ತಿನಾದ್ಯಂತ ನಡೆಯುತ್ತಿರುವ ಆಲ್ಕೋಹಾಲಿಕ್ಸ್ ಅನಾನಿಮಸ್ ಕೂಟದ ಮೂಲ. ಅಲ್ಲಿ ಶುಲ್ಕವಿಲ್ಲ, ಮನೆತನದ ಹೆಸರು ಕೇಳುವುದಿಲ್ಲ. ಬಿಡಬೇಕೆಂಬ ಇಚ್ಛೆಯೊಂದಿದ್ದರೆ ಸಾಕು. ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವೇ 1951ರಿಂದ ನಡೆದಿದೆ. ಅದು ತಾಯಂದಿರಿಗೂ ಹೆಂಡಂದಿರಿಗೂ ತೆರೆದಿದೆಯೆಂಬುದು ನಮ್ಮಲ್ಲಿ ಹಲವರಿಗೆ ತಿಳಿಯದು.

ನಮ್ಮ ನಾಡಿನಲ್ಲಿಯೂ ದಾರಿಗಳಿವೆ. ಇಳಕಲ್ಲಿನ ಡಾ. ಮಹಾಂತ ಅಪ್ಪಗಳು ಜೋಳಿಗೆ ಹಿಡಿದು ಊರೂರು ತಿರುಗಿ ಕಾಳುಕಡಿ ಬೇಡಲಿಲ್ಲ, ದುಶ್ಚಟಗಳನ್ನು ಬೇಡಿದರು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆದರೆ ಜೋಳಿಗೆಗೆ ಹಾಕಿದ ಚಟ ಮರುದಿನ ಮನೆಯ ಬಾಗಿಲು ತಟ್ಟಿದರೆ? ಅಲ್ಲಿಯೇ ವಾರದ ಕೂಟ ಬೇಕಾಗುವುದು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಲ್ಲಿ ಪಾಲ್ಗೊಂಡು ಬಂದವರಿಗಾಗಿ ನವಜೀವನ ಸಮಿತಿಗಳು ಇರುವುದು ಇದಕ್ಕೇ. ಶಿಬಿರ ಮುಗಿಯಿತು, ಸತ್ಕಾರವಾಯಿತು, ಭಾವಚಿತ್ರವೂ ಬಂತು ಎಂದು ಮನೆಗೆ ಬಂದು ಸುಮ್ಮನಾಗುವವರೇ ಹೆಚ್ಚು. ತಾಯಿಯವರ ಮಗನೂ ಹಾಗೆಯೇ ಸುಮ್ಮನಾದನೆಂದು ತೋರುತ್ತದೆ. ಯೋಜನೆಯ ತಾಲೂಕು ಕಚೇರಿಯಲ್ಲಿ ವಿಚಾರಿಸಿದರೆ ಸಮಿತಿ ಯಾವ ಊರಿನಲ್ಲಿ, ಯಾವ ವಾರ ಸೇರುತ್ತದೆಂದು ತಿಳಿಸುತ್ತಾರೆ.

ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಸವದತ್ತಿಯ ಮೇಲಿಂದ ಹೋಗಬಹುದು. ಚಿಕಿತ್ಸೆಯ ಜೊತೆಗೆ ಸಮೀಪದಲ್ಲಿ ಇಂಥ ಕೂಟ ಎಲ್ಲಿ ಸೇರುತ್ತದೆಂದು ಅಲ್ಲಿಯ ವೈದ್ಯರನ್ನೇ ಕೇಳಬೇಕು. ಮನೆ ಬಿಟ್ಟು ಹೊರಡಲಾಗದವರು 14416ಕ್ಕೆ ಕರೆ ಮಾಡಲಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಿದು, ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ವ್ಯಸನಮುಕ್ತಿಗೆಂದೇ 14446 ಎಂಬ ಸಂಖ್ಯೆಯೂ ಇದೆ.

ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದೆ ಬಿಡಲಾರೆವು. ಬಹುಕಾಲ ದಿನವೂ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸುವ ಸಾಹಸ ಬೇಡ. ಒಂದೆರಡು ದಿನಗಳಲ್ಲಿ ಕೈನಡುಕ, ಬೆವರು, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಪ್ರಾಣಕ್ಕೇ ಎರವಾಗಬಹುದು. ವೈದ್ಯರ ಕಣ್ಗಾವಲು ಬೇಕೇ ಬೇಕು. ಎರಡನೆಯದು, "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸುತ್ತೇವೆ" ಎಂಬ ಗೋಡೆಬರಹಗಳನ್ನು ನಂಬಿ ಸಾರಿನಲ್ಲಿ ಪುಡಿ ಬೆರೆಸಿ ಬಡಿಸುವುದು. ಡೈಸಲ್ಫಿರಾಮ್ ಎಂಬ ಗುಳಿಗೆಯನ್ನು ವೈದ್ಯರು ರೋಗಿಗೆ ತಿಳಿಸಿ, ಒಪ್ಪಿಸಿಯೇ ಕೊಡುತ್ತಾರೆ. ಅದರ ಮೇಲೆ ಅರಿಯದೆ ಕುಡಿದರೆ ರಕ್ತದೊತ್ತಡ ಕುಸಿದು ಅನಾಹುತವಾಗುವುದುಂಟು. ಪ್ರೀತಿಯಿಂದ ಬಡಿಸಿದ ತುತ್ತಿನಲ್ಲಿಯೇ ಅಪಾಯವಿರುವುದು ಯಾವ ತಾಯಿಗೂ ಬೇಡ.

ಇನ್ನು ನಾಚಿಕೆಯ ಮಾತು. ನಮ್ಮ ಮನೆತನಗಳಲ್ಲಿ ಕುಡಿತವನ್ನು ಬಚ್ಚಿಡುವುದೇ ಒಂದು ಆಚಾರವಾಗಿಬಿಟ್ಟಿದೆ. ಕೊರಳಲ್ಲಿ ಲಿಂಗವಿದೆ, ಹಾಗಾಗಿ ಈ ರೋಗ ನಮ್ಮ ಹೊಸ್ತಿಲು ದಾಟದೆಂದು ನಟಿಸುತ್ತೇವೆ. ಅನುಭವ ಮಂಟಪದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನವರಿಗೂ ಸ್ಥಾನವಿತ್ತು, ಅವರ ಕಾಯಕದ ಹೆಸರನ್ನು ಯಾರೂ ಅಳಿಸಲಿಲ್ಲ. ಮಠದ ಅಪ್ಪಗಳಲ್ಲಿಯೂ ಒಂದು ಬಿನ್ನಹ: ವಾರಕ್ಕೊಮ್ಮೆ ಸಂಜೆ ಒಂದು ತಾಸು ಮಠದ ಒಂದು ಕೋಣೆ, ಒಂದು ಜಮಖಾನೆ ಕೊಟ್ಟರೆ ಯರಗಟ್ಟಿಯಲ್ಲಿಯೇ ಕೂಟ ನಡೆದೀತು. ಪ್ರವಚನ ಬೇಡ, ಬಿಟ್ಟವರೇ ಮಾತಾಡಿಕೊಳ್ಳಲಿ. ಇಬ್ಬರಿದ್ದರೆ ಸಾಕೆಂಬುದು ಅಕ್ರನ್ನಿನಲ್ಲಿ ಆಗಲೇ ಗೊತ್ತಾಗಿದೆ.

ತಾಯಿಯವರೇ, ಬೀಗರ ಚಿಂತೆಯನ್ನೂ ಕೇಳಿದ್ದಿರಿ. ಅಣ್ಣ ಕುಡಿಯುತ್ತಾನೆಂಬುದು ಊರಿನಲ್ಲಿ ಎಷ್ಟು ದಿನ ಮುಚ್ಚಿಟ್ಟೀತು? ಅವರಿಗೆ ಗೊತ್ತಿಲ್ಲದಿರುವುದು ಆತ ಬಿಡಲು ಹೆಣಗುತ್ತಿದ್ದಾನೆಂಬುದು ಮಾತ್ರ. ಅದನ್ನು ನಿಮ್ಮ ಬಾಯಿಂದಲೇ ಹೇಳಿರಿ. ಧಾರವಾಡಕ್ಕೆ ಹೊರಡುವ ದಿನ ಗೊತ್ತುಮಾಡಿ ಒಂದು ಕಾರ್ಡು ಬರೆದರೆ, ಸವದತ್ತಿಯ ನಿಲ್ದಾಣದಲ್ಲಿ ನಾವು ಜೊತೆಗೂಡುತ್ತೇವೆ.